ಹೆಲಿಕಾಪ್ಟರಿನ ಅಪಘಾತಗಳೂ ಮಹಾಜನರ ಹಕ್ಕೂ

೨೦೨೫ನೆಯ ಇಸವಿ ಜನವರಿ ೫ನೆಯ ತಾರೀಖು ಭಾನುವಾರ, ಗುಜರಾತಿನ ಪೋರಬಂದರಿನ ವಿಮಾನ ನಿಲ್ದಾಣದಲ್ಲಿ, ಕರಾವಳಿ ರಕ್ಷಣಾ ಪಡೆಗೆ ಸೇರಿದ ‘ಧ್ರುವ’ ಹೆಲಿಕಾಪ್ಟರೊಂದು ಅಭ್ಯಾಸದ ಹಾರಾಟದಲ್ಲಿದ್ದಾಗ ನೆಲಕ್ಕೆ ಬಿದ್ದು ಉರಿದುಹೋಯಿತು. ಇಬ್ಬರು ಚಾಲಕರೂ, ಕಡಲಿಗೆ ಧುಮುಕಿ ಜನರನ್ನು ರಕ್ಷಿಸುವ ಕೆಲಸದವನೊಬ್ಬನೂ ಮೃತರಾದರು. ಅಂದು ಯುದ್ಧವಿರಲಿಲ್ಲ, ಶತ್ರುವಿನ ಗುಂಡು ತಗಲಿದ್ದೂ ಅಲ್ಲ. ದಿನನಿತ್ಯದ ಅಭ್ಯಾಸವೇ ಮೂವರ ಪ್ರಾಣಕ್ಕೆ ಎರವಾಯಿತು. ಈ ಯಂತ್ರವು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಆದುದರಿಂದ ಪೋರಬಂದರಿನ ಈ ದುರಂತವು ದೂರದ ಸುದ್ದಿಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಅದರ ಕಾರಣವನ್ನು ಕೇಳುವ ಹಕ್ಕೂ ಕರ್ತವ್ಯವೂ ನಮಗುಂಟು.

ಇದು ಮೊದಲನೆಯ ಅಪಘಾತವೂ ಅಲ್ಲ. ೨೦೦೭ನೆಯ ಇಸವಿ ಫೆಬ್ರವರಿ ೨ರಂದು ಯಲಹಂಕದಲ್ಲಿ, ವಿಮಾನ ಪ್ರದರ್ಶನಕ್ಕೆ ಮುಂಚೆ ಅಭ್ಯಾಸ ನಡೆಸುತ್ತಿದ್ದ ‘ಸಾರಂಗ’ ತಂಡದ ಧ್ರುವವೊಂದು ಬಿದ್ದು ಸಹಚಾಲಕನು ಮಡಿದನು. ೨೦೨೩ರಲ್ಲಿ ಎರಡು ತಿಂಗಳೊಳಗಾಗಿ ಮೂರು ಅವಘಡಗಳಾದುವು. ಮಾರ್ಚ್ ೮ರಂದು ನೌಕಾದಳದ ಧ್ರುವವು ಮುಂಬಯಿಯ ಕಡಲಿನಲ್ಲಿ ಇಳಿಯಬೇಕಾಯಿತು. ಮಾರ್ಚ್ ೨೬ರಂದು ಕರಾವಳಿ ಪಡೆಯದೊಂದು ಕೊಚ್ಚಿಯಲ್ಲಿ ಪರೀಕ್ಷೆಗೆಂದು ಎದ್ದೊಡನೆಯೇ ನೆಲಕ್ಕಪ್ಪಳಿಸಿತು. ಮೇ ೪ರಂದು ಭೂಸೇನೆಯದೊಂದು ಕಾಶ್ಮೀರದ ಕಿಶ್ತವಾರದಲ್ಲಿ ಕೆಡೆದು ಒಬ್ಬ ತಂತ್ರಜ್ಞನನ್ನು ಬಲಿಗೊಂಡಿತು. ೨೦೨೪ನೆಯ ಸೆಪ್ಟೆಂಬರ್ ೨ರಂದು, ಹಡಗೊಂದರ ನಾವಿಕನ ರಕ್ಷಣೆಗೆ ಹೊರಟಿದ್ದ ಧ್ರುವವು ಇದೇ ಪೋರಬಂದರಿನ ಆಚೆ ಸಮುದ್ರಕ್ಕೆ ಬಿದ್ದಾಗ ನಾಲ್ವರಲ್ಲಿ ಒಬ್ಬನು ಮಾತ್ರ ಉಳಿದನು. ಹಳೆಯ ‘ಚೇತಕ್’ ಯಂತ್ರದ ಕಥೆಯೂ ಇಂತಹುದೇ. ೨೦೨೩ನೆಯ ನವೆಂಬರ್ ೪ರಂದು ಕೊಚ್ಚಿಯ ನೌಕಾ ವಿಮಾನತಾಣದಲ್ಲಿ ಚೇತಕ್ಕೊಂದನ್ನು ದುರಸ್ತಿಯ ಪರೀಕ್ಷೆಗಾಗಿ ನೆಲದ ಮೇಲೆಯೇ ನಡೆಸುತ್ತಿದ್ದಾಗ ಅವಘಡವಾಗಿ, ನೆಲದ ಕೆಲಸದ ಸಿಬ್ಬಂದಿಯವನೊಬ್ಬನು ಸತ್ತನು. ಯುದ್ಧದಲ್ಲಿ ಸಾಯಲು ಸಿದ್ಧರಾದವರು ಅಭ್ಯಾಸದಲ್ಲಿಯೂ ದುರಸ್ತಿಯಲ್ಲಿಯೂ ಸಾಯುವುದು ಯಾವ ದೇಶಕ್ಕೂ ಶೋಭೆಯನ್ನು ತರುವ ಸಂಗತಿಯಲ್ಲ.

ಹೆಲಿಕಾಪ್ಟರಿನ ಗಂಡಾಂತರವೆಲ್ಲ ಆಕಾಶದಲ್ಲಿಯೇ ಇದೆಯೆಂದು ಜನಸಾಮಾನ್ಯರು ಭಾವಿಸುವುದು ಸಹಜ. ಆದರೆ ಈ ಯಂತ್ರವು ನೆಲದಿಂದ ಒಂದು ಗೇಣೂ ಮೇಲೇಳದೆ, ನಿಂತ ತಾಣದಲ್ಲಿಯೇ ತನ್ನನ್ನು ತಾನು ಚೂರುಚೂರು ಮಾಡಿಕೊಳ್ಳುವ ಬಗೆಯೊಂದುಂಟು. ಅದನ್ನು ತಿಳಿದವರು ‘ಗ್ರೌಂಡ್ ರೆಸೊನೆನ್ಸ್’ ಎನ್ನುವರು. ನಾವು ನೆಲದ ಅನುರಣನವೆನ್ನಬಹುದು. ವೈಮಾನಿಕ ಅಪಘಾತಗಳ ಕಾರಣವನ್ನು ಬಹಿರಂಗಪಡಿಸಬೇಕೆಂದು ನಾವು ಇಂದು ಏಕೆ ಒತ್ತಾಯಪಡಿಸುತ್ತಿರುವೆವೆಂಬುದಕ್ಕೆ ಈ ಒಂದು ವಿಷಯದ ಚರಿತ್ರೆಯೇ ಸಾಕಾದ ನಿದರ್ಶನವಾದುದರಿಂದ, ಅದನ್ನು ನಮ್ಮ ವಾಚಕರಿಗೆ ತುಸು ವಿವರಿಸುವೆವು.

ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ಉದ್ದ ರೆಕ್ಕೆಗಳನ್ನು ನಡುಗಂಬಕ್ಕೆ ಬಿಗಿಯಾಗಿ ಬೆಸೆದರೆ ಅವುಗಳ ಬುಡದ ಮೇಲೆ ವಿಪರೀತವಾದ ಒತ್ತಡ ಬೀಳುವುದು. ಆದುದರಿಂದ ಅನೇಕ ಯಂತ್ರಗಳಲ್ಲಿ ಬುಡಕ್ಕೆ ಕೀಲುಗಳನ್ನಿಟ್ಟು, ತಿರುಗುವಾಗ ಪ್ರತಿಯೊಂದು ರೆಕ್ಕೆಯೂ ತುಸು ಮುಂದಕ್ಕೂ ತುಸು ಹಿಂದಕ್ಕೂ ಸರಿಯುವಂತೆ ಮಾಡಿರುವರು. ಮೂರು ರೆಕ್ಕೆಗಳ ನಡುವಣ ಅಂತರವು ಸಮನಾಗಿರುವ ತನಕ ಅವುಗಳ ಭಾರದ ಕೇಂದ್ರವು ನಡುಗಂಬದಲ್ಲಿಯೇ ಇರುವುದು. ಒಂದು ರೆಕ್ಕೆಯು ಹಿಂದೆ ಬಿದ್ದು ಇನ್ನೊಂದು ಮುಂದೆ ಸರಿದರೆ ಆ ಕೇಂದ್ರವು ಕಂಬವನ್ನು ಬಿಟ್ಟು ಪಕ್ಕಕ್ಕೆ ಹೋಗುವುದು. ಕೂಡಲೇ ಕಂಬವನ್ನು ಸುತ್ತಲೂ ಎಳೆದಾಡತೊಡಗುವುದು. ಯಂತ್ರದ ಒಡಲಾದರೋ ಟೈರು ಮತ್ತು ಶಾಕ್ ಅಬ್ಸಾರ್ಬರುಗಳ ಕಾಲುಗಳ ಮೇಲೆ ನಿಂತಿರುವುದರಿಂದ, ಅದಕ್ಕೂ ಅತ್ತಿತ್ತ ತೂಗಾಡುವ ತನ್ನದೇ ಆದ ಒಂದು ತಾಳವುಂಟು. ಈ ಎರಡು ತಾಳಗಳೂ ಕೂಡಿಕೊಂಡುವೆಂದರೆ ಕೇಡು ತಪ್ಪಿದ್ದಲ್ಲ. ಯುಗಾದಿಯ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳುತ್ತ ಹೋದರೆ ಮಗುವಿನ ಕೈಬಲಕ್ಕೂ ಅದು ಕೊಂಬೆಯೆತ್ತರಕ್ಕೆ ಏರುವುದನ್ನು ಎಲ್ಲರೂ ಕಂಡಿರುವರು. ಇಲ್ಲಿ ತಳ್ಳುವ ಕೈಯು ಮಗುವಿನದಲ್ಲ; ನೂರಾರು ಕುದುರೆಬಲದ ಎಂಜಿನಿನಿಂದ ತಿರುಗುತ್ತಿರುವ ರೆಕ್ಕೆಗಳದು. ಒಡಲು ತೂಗಿದಷ್ಟೂ ರೆಕ್ಕೆಗಳು ಕದಲುವುವು. ರೆಕ್ಕೆಗಳು ಕದಲಿದಷ್ಟೂ ಒಡಲು ತೂಗುವುದು. ಕೆಲವೇ ಸೆಕೆಂಡುಗಳಲ್ಲಿ ಬಾಲವು ಮುರಿದು, ರೆಕ್ಕೆಗಳು ನೆಲಕ್ಕೆ ಬಡಿದು, ಯಂತ್ರವು ಮಗುಚಿಬೀಳುವುದು.

ಈ ವಿಪತ್ತು ಕಲಿಯುವವರ ಬೆನ್ನನ್ನೇ ಹೆಚ್ಚಾಗಿ ಹತ್ತಿರುವುದಕ್ಕೆ ಕಾರಣವುಂಟು. ಹೊಸಬನು ಯಂತ್ರವನ್ನು ಇಳಿಸುವಾಗ ಒಂದು ಕಾಲು ಮೊದಲು ನೆಲಕ್ಕೆ ತಾಗಿ, ಯಂತ್ರವು ಪುಟಿದು, ಮತ್ತೆ ಇನ್ನೊಂದು ಕಾಲಿನ ಮೇಲೆ ಬೀಳುವುದು ಸಾಮಾನ್ಯ. ಆ ಕುಕ್ಕುಗಳಿಂದಲೇ ರೆಕ್ಕೆಗಳ ಸಮಾಂತರ ಕೆಡುವುದು. ಅದೇ ಹೊತ್ತಿಗೆ ರೆಕ್ಕೆಗಳ ಓಲಾಟವನ್ನು ತಡೆಯುವ ಡ್ಯಾಂಪರು ಸವೆದಿದ್ದರೆ, ಅಥವಾ ಟೈರಿನಲ್ಲಿ ಗಾಳಿ ತಕ್ಕಷ್ಟಿಲ್ಲದಿದ್ದರೆ, ಮಿಕ್ಕುದನ್ನು ಯಂತ್ರವೇ ಮಾಡಿಮುಗಿಸುವುದು. ಪರಿಹಾರವೂ ಗೊತ್ತಾಗಿದೆ. ರೆಕ್ಕೆಗಳು ಹಾರಾಟದ ವೇಗದಲ್ಲಿದ್ದರೆ ಒಡನೆಯೇ ಮೇಲಕ್ಕೇಳಬೇಕು; ನೆಲದ ಸಂಬಂಧ ಬಿಟ್ಟೊಡನೆ ತೂಗಾಟವು ಅಡಗುವುದು. ಆ ವೇಗವಿಲ್ಲದಿದ್ದರೆ ತಡಮಾಡದೆ ಎಂಜಿನನ್ನು ನಿಲ್ಲಿಸಿ ರೆಕ್ಕೆಗಳನ್ನು ತಡೆಯಬೇಕು. ಹೆದರಿಕೆಯಾದಾಗ ಯಾವನಿಗಾದರೂ ನೆಲವೇ ಕ್ಷೇಮವೆಂದು ತೋರುವುದು. ಇಲ್ಲಿಯೋ ಎಂದರೆ ಎಷ್ಟೋ ವೇಳೆ ನೆಲವನ್ನು ಬಿಟ್ಟೇಳುವುದೇ ಕ್ಷೇಮ. ಇದನ್ನು ಮೊದಲೇ ಕಲಿಸದಿದ್ದರೆ ವಿದ್ಯಾರ್ಥಿಯು ಆ ನಾಲ್ಕಾರು ಸೆಕೆಂಡುಗಳಲ್ಲಿ ತಾನಾಗಿಯೇ ಕಂಡುಕೊಳ್ಳುವನೆಂದು ನಿರೀಕ್ಷಿಸಲಾಗದು.

ಈ ತಿಳಿವಳಿಕೆಯು ಎಲ್ಲಿಂದ ಬಂದಿತು? ಹೆಲಿಕಾಪ್ಟರಿಗೆ ಹಿರಿಯಣ್ಣನಂತಿದ್ದ ಆಟೋಜೈರೋ ಎಂಬ ಯಂತ್ರಗಳ ಕಾಲದಲ್ಲಿಯೇ ಈ ರೋಗವು ಕಾಣಿಸಿಕೊಂಡಿತ್ತು. ಅಮೆರಿಕಾದ ಸೈನ್ಯಕ್ಕಾಗಿ ಕೆಲೆಟ್ ಸಂಸ್ಥೆಯವರು ಕಟ್ಟಿದ್ದ ಎಕ್ಸ್‌ಆರ್-೨ ಎಂಬ ಆಟೋಜೈರೋ ಪರೀಕ್ಷೆಯ ಕಾಲದಲ್ಲಿ ನೆಲದ ಮೇಲೆಯೇ ಹೀಗೆ ನಾಶವಾಯಿತು. ಅದನ್ನು ದೈವಗತಿಯೆಂದು ಬಿಟ್ಟುಬಿಡಬಹುದಾಗಿತ್ತು. ಚಾಲಕನ ತಪ್ಪೆಂದು ಬರೆದು ಕಡತವನ್ನು ಕಟ್ಟಿಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಆ ದೇಶದ ವಿಮಾನಶಾಸ್ತ್ರದ ಸರ್ಕಾರಿ ಸಂಸ್ಥೆಯಲ್ಲಿದ್ದ ರಾಬರ್ಟ್ ಕೋಲ್‌ಮನ್ ಎಂಬ ವಿದ್ವಾಂಸರು ಗಣಿತದಿಂದ ಇದರ ಮೂಲವನ್ನು ಹುಡುಕಿ, ೧೯೪೩ರಲ್ಲಿ ವರದಿಯನ್ನು ಸಿದ್ಧಪಡಿಸಿದರು. ಅದು ಮಹಾಯುದ್ಧದ ಕಾಲ. ವರದಿಯನ್ನು ಕೆಲವರ ಕೈಗೆ ಮಾತ್ರ ಕೊಡಲಾಯಿತು. ಯುದ್ಧವು ಮುಗಿದ ಮೇಲೆ ಆ ವಿದ್ಯೆಯನ್ನು ಬಚ್ಚಿಡಲಿಲ್ಲ. ಕೋಲ್‌ಮನ್ ಮತ್ತು ಅವರ ಸಹೋದ್ಯೋಗಿ ಆರ್ನಾಲ್ಡ್ ಫೈನ್‌ಗೋಲ್ಡ್ ಇವರ ಲೇಖನಗಳನ್ನು ಒಂದುಗೂಡಿಸಿ ೧೯೫೮ರಲ್ಲಿ ಲೋಕಕ್ಕೆಲ್ಲ ದೊರೆಯುವಂತೆ ಪ್ರಕಟಿಸಿದರು. ಇಂದು ಹೆಲಿಕಾಪ್ಟರನ್ನು ಕಟ್ಟುವವರೂ ಕಲಿಸುವವರೂ ಯಾವ ದೇಶದವರಾದರೂ ಆ ಗಣಿತದ ಫಲವನ್ನು ಉಣ್ಣುತ್ತಿರುವರು. ಬೆಂಗಳೂರಿನಲ್ಲಿ ಮುನ್ನೂರಕ್ಕೂ ಮಿಕ್ಕಿ ತಯಾರಾದ, ನಮ್ಮ ಸೇನೆಗಳ ಎಷ್ಟೋ ತಲೆಮಾರಿನ ಚಾಲಕರಿಗೆ ಮೊದಲ ಪಾಠವನ್ನು ಕಲಿಸಿದ ಚೇತಕ್ ಯಂತ್ರವು ಮೂರು ಕೀಲುರೆಕ್ಕೆಗಳದು. ಅದರ ಡ್ಯಾಂಪರನ್ನು ಏಕೆ ನೋಡಬೇಕು, ಟೈರಿನ ಗಾಳಿಯನ್ನು ಏಕೆ ಅಳೆಯಬೇಕು ಎಂಬುದು ನಮ್ಮ ತಂತ್ರಜ್ಞರಿಗೆ ತಿಳಿದಿರುವುದು, ಯಾರೋ ತಮ್ಮ ದೇಶದ ಯಂತ್ರವು ಮುರಿದ ಕಾರಣವನ್ನು ಮುಚ್ಚಿಡದೆ ಹೇಳಿದುದರಿಂದ.

ಈಗ ನಮ್ಮ ಧ್ರುವದ ವಿಷಯಕ್ಕೆ ಬರೋಣ. ಪೋರಬಂದರಿನ ದುರಂತದ ತರುವಾಯ ಮೂರು ಸೇನೆಗಳ ಮತ್ತು ಕರಾವಳಿ ಪಡೆಯ ಮುನ್ನೂರಕ್ಕೂ ಮಿಕ್ಕಿದ ಧ್ರುವಗಳನ್ನು ನೆಲಕ್ಕಿಳಿಸಲಾಯಿತು. ಆ ವರ್ಷದ ಗಣರಾಜ್ಯೋತ್ಸವದಲ್ಲಿ ಅವು ಹಾರಲಿಲ್ಲ. ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದಲ್ಲಿ, ತವರಿನ ಅಂಗಳದಲ್ಲಿಯೇ, ಸಾರಂಗ ತಂಡವು ಕಾಣಿಸಿಕೊಳ್ಳಲಿಲ್ಲ. ಸುಮಾರು ನಾಲ್ಕು ತಿಂಗಳ ಮೇಲೆ ಭೂಸೇನೆ ಮತ್ತು ವಾಯುಸೇನೆಗಳ ಯಂತ್ರಗಳಿಗೆ ಮೊದಲು ಅನುಮತಿ ದೊರೆಯಿತು. ಚಾಲಕನ ಕೈಯ ಆಜ್ಞೆಯನ್ನು ತಿರುಗುವ ರೆಕ್ಕೆಗಳಿಗೆ ಮುಟ್ಟಿಸುವ ‘ಸ್ವಾಶ್ ಪ್ಲೇಟ್’ ಎಂಬ ಭಾಗವು ಮುರಿದಿತ್ತೆಂದು ಹೊರಬಂದಿತು. ಕುದುರೆಗೆ ಲಗಾಮು ಹೇಗೋ ಹೆಲಿಕಾಪ್ಟರಿಗೆ ಈ ಭಾಗವು ಹಾಗೆ. ಅದು ಮುರಿದರೆ ಎಂತಹ ನಿಪುಣನ ಕೈಯಲ್ಲಿಯೂ ಯಂತ್ರವು ನಿಲ್ಲದು. ಮುರಿದ ಲೋಹದ ಪರೀಕ್ಷೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವನ್ನು ಪಡೆದುದು ಸರಿಯಾದ ಕ್ರಮವೇ. ೨೦೨೩ರ ಅವಘಡಗಳಾದ ಮೇಲೆಯೂ ನಿಯಂತ್ರಣದ ಸಲಾಕೆಗಳನ್ನು ಅಲ್ಯೂಮಿನಿಯಮ್ಮಿನ ಬದಲಾಗಿ ಉಕ್ಕಿನಲ್ಲಿ ಮಾಡಿ ಜೋಡಿಸಿದರು. ತಿದ್ದುವ ಕೆಲಸ ನಡೆಯುತ್ತಿಲ್ಲವೆಂದು ನಾವು ಆಪಾದಿಸುವುದಿಲ್ಲ. ಆದರೆ ಇವೆಲ್ಲ ಮಹಾಜನರಿಗೆ ತಿಳಿದುದು ಬಿಡಿಬಿಡಿಯಾದ ಪತ್ರಿಕಾವಾರ್ತೆಗಳಿಂದ. ಮುರಿದುದು ಏನು, ಮುರಿದುದೇಕೆ, ಮತ್ತೆ ಮುರಿಯದಂತೆ ಏನು ಮಾಡಿತು ಎಂದು ಸರ್ಕಾರದವರು ತಮ್ಮ ಮೊಹರಿನಡಿಯಲ್ಲಿ ಒಂದು ವರದಿಯನ್ನು ಜನರ ಮುಂದಿಡುವ ಪದ್ಧತಿಯೇ ನಮ್ಮ ಸೇನಾವಿಮಾನಗಳ ವಿಷಯದಲ್ಲಿ ಇಲ್ಲ.

ಈ ಮೌನದ ಫಲವನ್ನು ಅನುಭವಿಸುವವರು ಯಾರು? ಮೊದಲನೆಯವನು ಸತ್ತ ಚಾಲಕ. ಕಾರಣವನ್ನು ಹೇಳದಿದ್ದಾಗ ಊರಿನ ಬಾಯಿ ಸುಮ್ಮನಿರದು. ‘ಅವನೇ ಎಡವಿರಬೇಕು’ ಎಂಬ ಮಾತು ಹುಟ್ಟುವುದು. ಸತ್ತವನಿಗೆ ಉತ್ತರ ಹೇಳಲು ಬಾಯಿಲ್ಲ. ಅವನ ತಾಯಿತಂದೆಗಳಿಗೆ ತೋರಿಸಲು ಕಾಗದವಿಲ್ಲ. ೨೦೨೧ನೆಯ ಡಿಸೆಂಬರ್ ೮ರಂದು ನೀಲಗಿರಿಯ ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರು ಬಿದ್ದು ೧೪ ಮಂದಿ ಮಡಿದರು. ಆ ದುರಂತಕ್ಕೆ ಚಾಲಕರ ಕಡೆಯ ಲೋಪವೇ ಕಾರಣವೆಂಬ ಅತಿ ಸಂಕ್ಷಿಪ್ತವಾದ ನುಡಿಯು ಸಂಸತ್ತಿನ ರಕ್ಷಣಾ ಸಮಿತಿಯ ವರದಿಯಲ್ಲಿ ಕಂಡುಬಂದುದು ೨೦೨೪ನೆಯ ಡಿಸೆಂಬರಿನಲ್ಲಿ, ಮೂರು ವರ್ಷಗಳ ಬಳಿಕ. ಒಂದು ಪಟ್ಟಿಯಲ್ಲಿ ಎರಡು ಪದಗಳಷ್ಟು! ಆ ಪದಗಳ ಹಿಂದಿರುವ ಸಾಕ್ಷ್ಯವನ್ನು ಕಾಣದೆ ಯಾವ ವಿದ್ಯಾರ್ಥಿಯು ತಾನೆ ಪಾಠ ಕಲಿತಾನು? ಯಾವ ಕುಟುಂಬವು ತಾನೆ ಸಮಾಧಾನ ಹೊಂದೀತು?

ಇದಕ್ಕೆ ಎರಡು ಆಕ್ಷೇಪಣೆಗಳನ್ನು ಹೇಳುವರು. ಒಂದನೆಯದು, ಸೇನೆಯ ರಹಸ್ಯವು ಶತ್ರುವಿಗೆ ತಿಳಿದೀತೆಂಬುದು. ಶಸ್ತ್ರಾಸ್ತ್ರಗಳ ವಿವರವನ್ನೋ ಪಡೆಗಳ ಚಲನೆಯನ್ನೋ ಪ್ರಕಟಿಸಿರೆಂದು ಯಾರೂ ಕೇಳುತ್ತಿಲ್ಲ. ಕೀಲು ಏಕೆ ಸವೆಯಿತು, ತಟ್ಟೆ ಏಕೆ ಬಿರಿಯಿತು ಎಂಬುದು ಅಂತಹ ರಹಸ್ಯವಲ್ಲ. ೨೦೦೬ನೆಯ ಸೆಪ್ಟೆಂಬರ್ ೨ರಂದು ಅಫಘಾನಿಸ್ಥಾನದಲ್ಲಿ ಬ್ರಿಟಿಷ್ ವಾಯುಸೇನೆಯ ನಿಮ್‌ರಾಡ್ ವಿಮಾನವು ಉರಿದುಬಿದ್ದು ೧೪ ಜನರು ಸತ್ತರು. ಅದು ಯುದ್ಧರಂಗ, ರಹಸ್ಯದ ನೆಪ ಬೇಕಿದ್ದರೆ ಅದಕ್ಕಿಂತ ಒಳ್ಳೆಯ ನೆಪ ಸಿಕ್ಕುತ್ತಿರಲಿಲ್ಲ. ಆದರೂ ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ನ್ಯಾಯವಾದಿಯಿಂದ ಸ್ವತಂತ್ರವಾದ ವಿಚಾರಣೆ ನಡೆದು, ರಕ್ಷಣಾ ಮಂತ್ರಿಖಾತೆಯ ಮತ್ತು ವಿಮಾನದ ಸಂಸ್ಥೆಗಳ ಲೋಪಗಳನ್ನು ಹೆಸರು ಹಿಡಿದು ಹೇಳಿದ ವರದಿಯು ೨೦೦೯ರಲ್ಲಿ ಪ್ರಕಟವಾಯಿತು. ಮರುವರ್ಷವೇ ಸೇನಾವಿಮಾನಗಳ ಸುರಕ್ಷತೆಯನ್ನು ನೋಡುವ ಪ್ರತ್ಯೇಕ ಅಧಿಕಾರಸಂಸ್ಥೆಯೊಂದನ್ನು ಅಲ್ಲಿ ಸ್ಥಾಪಿಸಿದರು. ಇದರಿಂದ ಬ್ರಿಟನ್ನಿನ ಶತ್ರುಗಳಿಗೆ ಬಲ ಬಂದಿತೆಂದು ನಾವು ಕೇಳಿಲ್ಲ. ಒಳ್ಳೆಯ ಪದ್ಧತಿಯು ಯಾರದಾದರೇನು, ನಮ್ಮನ್ನು ಆಳಿದವರದಾದರೂ, ಅದನ್ನು ಕಲಿಯಲು ನಾಚಬೇಕಾದುದಿಲ್ಲ.

ಎರಡನೆಯ ಆಕ್ಷೇಪಣೆಯು ಹೆಚ್ಚು ಸೂಕ್ಷ್ಮವಾದುದು. ನಮ್ಮ ದೇಶದ ಯಂತ್ರದ ಕೊರತೆಯನ್ನು ನಾವೇ ಸಾರಿದರೆ ಪರರು ನಗುವರು, ಕೊಳ್ಳುವವರು ಹಿಂಜರಿಯುವರು, ಸ್ವದೇಶಿ ಉದ್ಯಮಕ್ಕೆ ಪೆಟ್ಟು ಬೀಳುವುದು ಎಂಬುದು ಇದರ ಸಾರ. ಸ್ವದೇಶಿಯ ಅಭಿಮಾನದಲ್ಲಿ ಈ ಪತ್ರಿಕೆಯು ಯಾರಿಗೂ ಹಿಂದಲ್ಲ. ಹಿಮಾಲಯದ ಎತ್ತರಗಳಲ್ಲಿ ಯೋಧರಿಗೆ ಆಹಾರವನ್ನು ಮುಟ್ಟಿಸಿದ, ಪ್ರವಾಹದಲ್ಲಿ ಸಿಕ್ಕಿದವರನ್ನು ಎತ್ತಿ ತಂದ ಧ್ರುವದ ಮೇಲೆ ನಮಗೆ ಹೆಮ್ಮೆಯೇ ಉಂಟು. ಹೆಮ್ಮೆಯಿರುವುದರಿಂದಲೇ ಕೇಳುತ್ತಿರುವೆವು. ಬಚ್ಚಿಟ್ಟ ಮಾತ್ರಕ್ಕೆ ಕೊಳ್ಳುವವರು ಮೋಸಹೋಗುವುದಿಲ್ಲ. ದಕ್ಷಿಣ ಅಮೆರಿಕಾದ ಎಕ್ವಡಾರ್ ದೇಶದವರು ಏಳು ಧ್ರುವಗಳನ್ನು ಕೊಂಡಿದ್ದರು. ಅವುಗಳಲ್ಲಿ ನಾಲ್ಕು ಬಿದ್ದ ಮೇಲೆ ೨೦೧೫ರಲ್ಲಿ ಕರಾರನ್ನೇ ರದ್ದುಪಡಿಸಿದರು. ಕಾರಣವನ್ನು ತಾವೇ ಮುಂದಾಗಿ ಹೇಳಿ, ತಿದ್ದಿದುದನ್ನು ತೋರಿಸಿದ ಅಂಗಡಿಗೆ ಗಿರಾಕಿಯು ಮತ್ತೆ ಬರುವನು. ಹುಳುಕನ್ನು ಗಿರಾಕಿಯೇ ಕಂಡುಹಿಡಿದರೆ ಬರುವುದಿಲ್ಲ. ಇದು ನಮ್ಮ ಸಂತೇಪೇಟೆಯ ವರ್ತಕರಿಗೂ ತಿಳಿದ ಮಾತು.

ಮೈಸೂರಿನವರಿಗೆ ಇದರಲ್ಲೇನು ಎಂದು ಯಾರಾದರೂ ಕೇಳಬಹುದು. ೧೯೪೦ನೆಯ ಇಸವಿ ಡಿಸೆಂಬರ್ ೨೩ರಂದು ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಆರಂಭಿಸಿದಾಗ, ಅದಕ್ಕೆ ಪಾಲುಗಾರರಾಗಿ ನಿಂತವರು ಮೈಸೂರು ಸಂಸ್ಥಾನದ ಸರ್ಕಾರದವರು. ಈ ಸೀಮೆಯ ರೈತರು ತೆತ್ತ ಕಂದಾಯದ ಹಣವು ಆ ಕಾರ್ಖಾನೆಯ ತಳಪಾಯದಲ್ಲಿದೆ. ಅದೇ ಕಾರ್ಖಾನೆಯು ಬೆಳೆದು ಇಂದಿನ ಎಚ್‌ಎಎಲ್ ಆಗಿರುವುದು. ಧ್ರುವವು ೧೯೯೨ನೆಯ ಆಗಸ್ಟ್ ೨೦ರಂದು ಮೊದಲು ಹಾರಿದುದು ಅಲ್ಲಿಯೇ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ೬೧೫ ಎಕರೆಯ ಹೊಸ ಹೆಲಿಕಾಪ್ಟರ್ ಕಾರ್ಖಾನೆಯನ್ನು ೨೦೨೩ನೆಯ ಫೆಬ್ರವರಿ ೬ರಂದು ಪ್ರಧಾನಮಂತ್ರಿಗಳು ರಾಷ್ಟ್ರಕ್ಕೆ ಅರ್ಪಿಸಿದರು. ೨೦೨೫ನೆಯ ಮಾರ್ಚ್ ೨೮ರಂದು ೧೫೬ ‘ಪ್ರಚಂಡ’ ಯುದ್ಧ ಹೆಲಿಕಾಪ್ಟರುಗಳಿಗಾಗಿ ೬೨,೭೦೦ ಕೋಟಿ ರೂಪಾಯಿಗಳ ಕರಾರಾಯಿತು. ಅವು ತಯಾರಾಗುವುದೂ ಬೆಂಗಳೂರು ಮತ್ತು ತುಮಕೂರುಗಳಲ್ಲಿ. ನಮ್ಮ ನಾಡು ಇಡೀ ದೇಶದ ಹೆಲಿಕಾಪ್ಟರುಗಳ ತೊಟ್ಟಿಲಾಗಿರುವಾಗ, ತೊಟ್ಟಿಲ ಮಗುವಿನ ಆರೋಗ್ಯವನ್ನು ಕುರಿತು ಕೇಳುವುದು ಅಧಿಕಪ್ರಸಂಗವಾಗಲಾರದು.

ಆದುದರಿಂದ ಕೇಂದ್ರ ಸರ್ಕಾರದವರ ಮುಂದೆ ನಾವು ಮೂರು ಸಲಹೆಗಳನ್ನಿಡುವೆವು. ಮೊದಲನೆಯದಾಗಿ, ಸೇನಾ ಹೆಲಿಕಾಪ್ಟರಿನ ಯಾವ ಮಾರಕ ಅಪಘಾತವಾದರೂ, ರಹಸ್ಯವಾದ ಅಂಶಗಳನ್ನು ತೆಗೆದುಹಾಕಿ, ಕಾರಣವನ್ನೂ ಪರಿಹಾರವನ್ನೂ ಹೇಳುವ ಸಂಕ್ಷೇಪ ವರದಿಯನ್ನು ಒಂದು ವರ್ಷದೊಳಗಾಗಿ ಸಂಸತ್ತಿನ ಮುಂದಿಡತಕ್ಕದ್ದು. ನಾಗರಿಕ ವಿಮಾನಗಳ ಅಪಘಾತಕ್ಕಾಗಿ ೨೦೧೨ರಲ್ಲಿ ಪ್ರತ್ಯೇಕ ವಿಚಾರಣಾ ಸಂಸ್ಥೆಯನ್ನು ಏರ್ಪಡಿಸಿ, ಅದರ ವರದಿಗಳನ್ನು ಪ್ರಕಟಿಸುತ್ತಿರುವ ಸರ್ಕಾರಕ್ಕೆ ಇದು ಅಪರಿಚಿತವಾದ ದಾರಿಯೇನಲ್ಲ. ಎರಡನೆಯದಾಗಿ, ಯಂತ್ರವನ್ನು ತಯಾರಿಸುವ ಎಚ್‌ಎಎಲ್, ಅದು ಹಾರಲು ಯೋಗ್ಯವೆಂದು ಒಪ್ಪಿಗೆ ಕೊಡುವ ಸೆಮಿಲಾಕ್ ಸಂಸ್ಥೆ, ಅದನ್ನು ಕೊಳ್ಳುವ ಸೇನೆ, ಈ ಮೂರೂ ಒಂದೇ ರಕ್ಷಣಾ ಮಂತ್ರಿಖಾತೆಯ ನೆರಳಿನಲ್ಲಿವೆ. ಇವರ ಪ್ರಾಮಾಣಿಕತೆಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಮನೆಯವರೇ ಪಂಚಾಯಿತರಾದರೆ ತೀರ್ಪು ಎಷ್ಟು ನ್ಯಾಯವಾಗಿದ್ದರೂ ಊರು ನಂಬುವುದಿಲ್ಲ. ಉತ್ಪಾದನೆಯ ಹೊಣೆಯಿಲ್ಲದ, ಅನುಭವಿಗಳಾದ ಚಾಲಕರೂ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಕೂಡಿದ ಸ್ವತಂತ್ರ ಮಂಡಲಿಗೆ ವಿಚಾರಣೆಯನ್ನು ಒಪ್ಪಿಸಬೇಕು. ಮೂರನೆಯದಾಗಿ, ನೆಲದ ಕೆಲಸದವರ ಮಾತಿಗೆ ಬೆಲೆ ಬರಬೇಕು. ಸವೆದ ಡ್ಯಾಂಪರನ್ನು ಮೊದಲು ಕಾಣುವವನು ಅಧಿಕಾರಿಯಲ್ಲ, ಬೆಳಿಗ್ಗೆ ಯಂತ್ರವನ್ನು ಒರಸಿ ನೋಡುವ ತಂತ್ರಜ್ಞ. ‘ಇದು ಇಂದು ಹಾರಕೂಡದು’ ಎಂದು ಅವನು ಬರೆದರೆ, ಮೇಲಿನವನು ಅದನ್ನು ಮೀರುವಾಗ ತನ್ನ ಹೆಸರಿನಲ್ಲಿ ಕಾರಣವನ್ನು ಬರೆದು ರುಜು ಹಾಕುವಂತೆ ನಿಯಮವಿರಬೇಕು.

ಇವುಗಳಲ್ಲಿ ಒಂದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ; ಬೇಕಾದುದು ಧೈರ್ಯ. ನೆಲದ ಮೇಲೆ ನಿಂತ ಯಂತ್ರವು ಏಕೆ ತನ್ನಷ್ಟಕ್ಕೆ ಒಡೆದುಹೋಯಿತೆಂದು ೧೯೪೩ರಲ್ಲಿ ಒಬ್ಬ ಗಣಿತಜ್ಞನು ಕಾಗದದ ಮೇಲೆ ತೋರಿಸಿದುದರಿಂದ, ಹೆಸರು ತಿಳಿಯದ ಎಷ್ಟು ಮಂದಿ ಎಳೆಯ ಚಾಲಕರು ಬದುಕಿಕೊಂಡರೋ ಲೆಕ್ಕವಿಲ್ಲ. ಅಂತಹ ಕಾಗದವೊಂದು ಪೋರಬಂದರಿನ ಮೂವರ ಚಿತೆಯಿಂದಲೂ ಹುಟ್ಟಿ ಬರಲಿ. ಮಂತ್ರಿಗಳ ಸಂತಾಪ ಸೂಚಕ ವಾಕ್ಯಗಳಿಗಿಂತ ಅದು ಮೃತರಿಗೆ ಸಲ್ಲುವ ಹೆಚ್ಚಿನ ಗೌರವ; ನಾಳೆ ಅದೇ ಆಸನದಲ್ಲಿ ಕುಳಿತು ಕಲಿಯಲಿರುವ ಹುಡುಗರಿಗೆ ನಾವು ಕೊಡಬೇಕಾದ ಸಾಲ. ಸರ್ಕಾರದವರು ಆ ಸಾಲವನ್ನು ತೀರಿಸುವರೆಂದು ನಂಬುವೆವು.